ಅಡ್ಡಪರಿಣಾಮ, ಉಪದ್ರವ, ತೊಡಕು: ‘ಕಾಂಪ್ಲಿಕೇಷನ್’ಗೆ ಯಾವ ಪದ?

ಮಾನ್ಯರೇ,

ಹೊಟ್ಟೆಯ ಒಳಪೊರೆಗೆ ಹರಡಿದ ಕ್ಯಾನ್ಸರಿನ ಚಿಕಿತ್ಸೆಯ ಬಗ್ಗೆ ರೋಗಿಗಳಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ; ‘ಕಾಂಪ್ಲಿಕೇಷನ್’ ಎಂಬ ಒಂದೇ ಮಾತು ನನ್ನನ್ನು ತಡೆದು ನಿಲ್ಲಿಸಿದೆ. ಈ ಚಿಕಿತ್ಸೆಯಲ್ಲಿ ಕಣ್ಣಿಗೆ ಕಾಣುವ ಗಡ್ಡೆಗಳನ್ನೆಲ್ಲ ಕತ್ತರಿಸಿ ತೆಗೆದ ಮೇಲೆ, ರೋಗಿ ಇನ್ನೂ ಅರಿವಳಿಕೆಯಲ್ಲಿರುವಾಗಲೇ, 41ರಿಂದ 43 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಕೀಮೋ ದ್ರಾವಣವನ್ನು ಸಾಮಾನ್ಯವಾಗಿ ಒಂದೊಂದೂವರೆ ಗಂಟೆ ಹೊಟ್ಟೆಯೊಳಗೆ ಹರಿಸುತ್ತಾರೆ. ವೈದ್ಯರು ಇದನ್ನು ‘ಹೈಪೆಕ್’ ಎನ್ನುತ್ತಾರೆ; ನಾನು ‘ಬಿಸಿ ಕೀಮೋ’ ಎಂದು ಬರೆದಿದ್ದೇನೆ.

ಆಮೇಲೆ ಬರಬಹುದಾದ ತೊಂದರೆಗಳೆಲ್ಲ ಒಂದೇ ಬಗೆಯವಲ್ಲ. ಸಿಸ್‌ಪ್ಲಾಟಿನ್‌ನಿಂದ ಮೂತ್ರಪಿಂಡಕ್ಕೆ ಪೆಟ್ಟಾಗುವುದು, ಮೈಟೋಮೈಸಿನ್‌ನಿಂದ ಬಿಳಿ ರಕ್ತಕಣಗಳು ಇಳಿಯುವುದು ಔಷಧದ ಗುಣದಿಂದಲೇ ಆಗುವಂಥದು. ಅಲ್ಲಿ ‘ಅಡ್ಡಪರಿಣಾಮ’ ಸರಿಯಾಗಿದೆ. ಆದರೆ ಕರುಳಿನ ಎರಡು ತುದಿಗಳನ್ನು ಕೂಡಿಸಿ ಹಾಕಿದ ಹೊಲಿಗೆ ಸೋರಿ, ಒಳಗೆ ಕೀವು ಕಟ್ಟಿ, ಮತ್ತೆ ಹೊಟ್ಟೆ ತೆರೆಯಬೇಕಾಗಿ ಬಂದರೆ ಅದನ್ನೂ ಅಡ್ಡಪರಿಣಾಮವೆಂದು ಬರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಮೂಲ ರೋಗವನ್ನು ಆಶ್ರಯಿಸಿ ಅದರ ಹಿಂದೆಯೇ ಹುಟ್ಟುವ ಇನ್ನೊಂದು ರೋಗಕ್ಕೆ ಆಯುರ್ವೇದದಲ್ಲಿ ‘ಉಪದ್ರವ’ ಎಂಬ ಹೆಸರಿದೆ. ಅರ್ಥ ಹತ್ತಿರದ್ದೇ, ಆದರೆ ಅದು ರೋಗದಿಂದ ಬಂದದ್ದು, ಚಿಕಿತ್ಸೆಯಿಂದ ಬಂದದ್ದಲ್ಲ. ಅಲ್ಲದೆ ಇಂದಿನ ಕನ್ನಡದಲ್ಲಿ ಉಪದ್ರವವೆಂದರೆ ಬರೀ ಕಾಟ. ಹಾಸಿಗೆ ಹಿಡಿದವರು ಆ ಪದವನ್ನು ಓದಿದರೆ ಮನೆಯವರಿಗೆ ತಾವೇ ಉಪದ್ರವವಾದೆವೆಂದು ನೊಂದುಕೊಂಡಾರು.

ಹಾಗಾಗಿ ನನ್ನ ಒಲವು ‘ತೊಡಕು’ ಎಂಬುದರ ಕಡೆಗಿದೆ. ನೂಲಿನ ತೊಡಕಿನಂತೆ ಬಿಡಿಸಬಹುದಾದದ್ದು ಎಂಬ ಭಾವ ಅದರಲ್ಲಿದೆ. ಆದರೂ ಅದು ಒಂದು ಕಡೆ ಕೈಕೊಟ್ಟಿತು. ಶಸ್ತ್ರಚಿಕಿತ್ಸೆಯ ನಂತರ ಕರುಳು ಕೆಲವು ದಿನ ಚಲನೆಯನ್ನೇ ನಿಲ್ಲಿಸುವುದುಂಟು, ‘ಗ್ಯಾಸ್ ಹೋಯಿತೇ?’ ಎಂದು ವೈದ್ಯರು ಪ್ರತಿದಿನ ಕೇಳುವುದು ಅದಕ್ಕಾಗಿಯೇ. ಅದನ್ನು ನಾನು ‘ಕರುಳಿನ ತೊಡಕು’ ಎಂದು ಬರೆದಿದ್ದೆ. ಕರಡನ್ನು ಓದಿದವರೊಬ್ಬರು ಕರುಳು ಸುತ್ತಿಕೊಂಡು ಗಂಟಾಗಿದೆ ಎಂದೇ ತಿಳಿದರು! ಈಗ ಅಲ್ಲಿ ‘ಕರುಳಿನ ಚಲನೆ ನಿಂತಿರುವುದು’ ಎಂದು ಬಿಡಿಸಿ ಬರೆದಿದ್ದೇನೆ.

ಇನ್ನೊಂದು ಗೊಂದಲ ಉಳಿದಿದೆ. ಶಸ್ತ್ರಚಿಕಿತ್ಸೆಯ ನಂತರದ ಕಾಂಪ್ಲಿಕೇಷನ್‌ಗಳನ್ನು ತೀವ್ರತೆಗೆ ತಕ್ಕಂತೆ ವಿಂಗಡಿಸಲು ಶಸ್ತ್ರಚಿಕಿತ್ಸಕರು ಬಳಸುವ, 2004ರಲ್ಲಿ ಪ್ರಕಟವಾದ ಕ್ಲೇವಿಯನ್–ಡಿಂಡೋ ವರ್ಗೀಕರಣದಲ್ಲಿ ವಿಶೇಷ ಚಿಕಿತ್ಸೆಯೇ ಬೇಡದ ಏರುಪೇರು 1ನೆಯ ದರ್ಜೆ, ಸಾವು 5ನೆಯ ದರ್ಜೆ. ‘5ನೆಯ ದರ್ಜೆಯ ತೊಡಕು’ ಎಂದು ಬರೆದರೆ ಕನ್ನಡ ಕಿವಿಗೆ ಅದು ಸಾವನ್ನು ಹಗುರ ಮಾಡಿದಂತೆ ಕೇಳುವುದಿಲ್ಲವೇ? ಇಡೀ ಪಟ್ಟಿಗೆ ಹೊಂದುವ ಬೇರೆ ಪದ ಬಳಕೆಯಲ್ಲಿದ್ದರೆ ಬಲ್ಲವರು ದಯವಿಟ್ಟು ತಿಳಿಸಬೇಕು.