ತುಮಕೂರು: 19 ದಿನದಿಂದ ಲ್ಯಾಂಡ್‌ಲೈನ್ ಡೆಡ್, ದೂರು ಮಾತ್ರ ‘ಸರಿಪಡಿಸಲಾಗಿದೆ’ ಅಂತ ಕ್ಲೋಸ್

ಸಿರಾಗೇಟ್_ನಿವಾಸಿ

ಸಿರಾ ಗೇಟ್ ಕಡೆ ಮನೆ. ತಾಮ್ರದ ತಂತಿಯ ಹಳೇ ಲ್ಯಾಂಡ್‌ಲೈನ್, 0816 ನಂಬರು. ಚರಂಡಿಗೆ ಅಂತ ಜೆಸಿಬಿ ಬೀದಿ ಅಗೆದ ಮಾರನೇ ದಿನದಿಂದ ಡಯಲ್ ಟೋನ್ ಇಲ್ಲ. ಮೂರು ಸಲ ದೂರು ಬರೆಸಿದ್ದಾಗಿದೆ. ಎರಡು ಸಲ ಮನೆ ಹತ್ತಿರ ಯಾರೂ ಸುಳಿಯದೆ ‘ಸರಿಪಡಿಸಲಾಗಿದೆ’ ಅಂತ ಎಸ್ಸೆಮ್ಮೆಸ್ ಬಂತು. ಫೋನ್ ಬಳಸೋದು ವಯಸ್ಸಾದ ಅಪ್ಪ, ಅಮ್ಮ; ಮೊಬೈಲ್ ಪರದೆ ಒತ್ತೋದು ಇಬ್ಬರಿಗೂ ಆಗಲ್ಲ.

ದೋಷ ಮನೆಯೊಳಗಿನದೋ ಹೊರಗಿನದೋ ಅಂತ ನಾವೇ ಹೇಗೆ ತಿಳಿಯೋದು? ಕೆಟ್ಟಿದ್ದ ದಿನಗಳ ಬಾಡಿಗೆ ವಾಪಸ್ ಬರುತ್ತಾ? ಕಾಲ್ ಸೆಂಟರ್ ದಾಟಿ ಮುಂದೆ ಯಾರ ಹತ್ತಿರ ಹೋಗಬೇಕು? ಫೈಬರ್‌ಗೆ ಬದಲಾಯಿಸಿ ಅಂತಾರೆ, ಅದು ಸರೀನಾ?

ತಾಮ್ರಜೋಡಿ

ಮೊದಲು ಮನೆಯೊಳಗಿನದ್ದು ನೋಡಿ ಸರ್. ದೋಷ ನಿಮ್ಮ ವೈರಿಂಗ್‌ನಲ್ಲಿದ್ದರೆ ಲೈನ್‌ಮನ್ ‘ಕಸ್ಟಮರ್ ಕಡೆ ದೋಷ’ ಅಂತ ಬರೆದು ಹೋಗ್ತಾರೆ. ಆಮೇಲೆ ವಾದ ಮಾಡೋಕೆ ಜಾಗ ಇರಲ್ಲ.

ಕಾರ್ಡ್‌ಲೆಸ್ ಬೇಡ, ಕರೆಂಟ್ ಬೇಡದ ಸಾದಾ ಫೋನ್ ಒಂದನ್ನು ತನ್ನಿ. ಹೊರಗಿನ ತಂತಿ ಬಂದು ಸೇರುವ ರೋಸೆಟ್ ಬಾಕ್ಸ್ ತೆಗೆದರೆ ಎರಡು ಸ್ಕ್ರೂ, ಎರಡು ತಂತಿ ಕಾಣುತ್ತೆ. ಬೇರೆ ಕೋಣೆಗೆ ಹೋಗುವ ತಂತಿ, ಸ್ಪ್ಲಿಟರ್, ಮೋಡೆಮ್, ಕಾಲರ್ ಐಡಿ ಡಬ್ಬ ಎಲ್ಲವನ್ನೂ ಬಿಚ್ಚಿ, ಒಳಬರುವ ಜೋಡಿ ಒಂದನ್ನೇ ಉಳಿಸಿ. ಮಲ್ಟಿಮೀಟರನ್ನು ಡಿಸಿ 200 ವೋಲ್ಟ್‌ಗೆ ಇಟ್ಟು ಅಳೆಯಿರಿ.

48ರ ಆಸುಪಾಸು ಬಂದರೆ ಲೈನ್ ನಿಮ್ಮನೆವರೆಗೆ ಚೆನ್ನಾಗಿದೆ, ದೋಷ ಒಳಗಿನದು. ಸಾದಾ ಫೋನ್ ಸೇರಿಸಿ ರಿಸೀವರ್ ಎತ್ತಿದಾಗ ಅದು 6–10 ವೋಲ್ಟ್‌ಗೆ ಇಳಿಯಬೇಕು. ಇಳಿಯೋದು ಸಹಜ, ಗಾಬರಿ ಬೇಡ. ಫೋನ್ ಇಟ್ಟಿದ್ದಾಗಲೇ 20–30ರಲ್ಲಿ ಓಲಾಡುತ್ತಿದ್ದರೆ ಎಲ್ಲೋ ಜಾಯಿಂಟ್‌ಗೆ ನೀರು ಹೋಗಿ ಸೋರಿಕೆ ಆಗ್ತಿದೆ. ಕರಕರ ಸದ್ದು, ಒಂದು ರಿಂಗ್ ಆಗಿ ನಿಂತುಹೋಗೋದು ಸಾಮಾನ್ಯವಾಗಿ ಇದರದೇ ಲಕ್ಷಣ. ಸೊನ್ನೆ ಬಂದರೆ ತಂತಿ ತುಂಡಾಗಿದೆ, ಇಲ್ಲವೇ ಎರಡೂ ಕೂಡಿಕೊಂಡಿವೆ.

ಒಂದು ಎಚ್ಚರಿಕೆ: ರಿಂಗ್ ಬರುವಾಗ ಆ ಜೋಡಿಯಲ್ಲಿ 75 ವೋಲ್ಟ್ ಎಸಿ ಓಡುತ್ತೆ. ಬರಿಗೈಲಿ ತಂತಿ ಹಿಡಿದಿದ್ದರೆ ಚೆನ್ನಾಗಿಯೇ ಹೊಡೆಯುತ್ತೆ. ಗುಡುಗು ಸಿಡಿಲಿದ್ದಾಗ ಈ ಕೆಲಸಕ್ಕೆ ಕೈಹಾಕಲೇಬೇಡಿ.

ಸಿರಾಗೇಟ್_ನಿವಾಸಿ

ಎಲ್ಲ ಬಿಚ್ಚಿ ಅಳೆದಾಯ್ತು. ಸೊನ್ನೆ. ಪಕ್ಕದ ಎರಡು ಮನೆಯ ಫೋನೂ ಅದೇ ದಿನದಿಂದ ಸತ್ತಿವೆಯಂತೆ.

ತಾಮ್ರಜೋಡಿ

ಹಾಗಾದ್ರೆ ಕಂಬದಿಂದ ನಿಮ್ಮನೆಗೆ ಬರುವ ಡ್ರಾಪ್ ವೈರ್ ಕಾರಣ ಅಲ್ಲ. ಎಕ್ಸ್‌ಚೇಂಜ್‌ನಲ್ಲಿ ಎಲ್ಲ ಲೈನೂ ಸೇರುವ ಚೌಕಟ್ಟು ಎಂಡಿಎಫ್, ಅಲ್ಲಿಂದ ದಪ್ಪ ಕೇಬಲ್ ರಸ್ತೆ ಬದಿಯ ಪಿಲ್ಲರ್ ಬಾಕ್ಸ್‌ಗೆ ಬರುತ್ತೆ, ಅಲ್ಲಿಂದ ಸಣ್ಣ ಕೇಬಲ್ ಬೀದಿಯ ಮನೆಗಳಿಗೆ ಲೈನ್ ಹಂಚುವ ಡಿಪಿ ಬಾಕ್ಸ್‌ಗೆ, ಡಿಪಿಯಿಂದ ಮನೆಮನೆಗೆ ಡ್ರಾಪ್ ವೈರ್. ಅಕ್ಕಪಕ್ಕದ ಮೂರು ಮನೆ ಒಂದೇ ದಿನ ಹೋಗಿದೆ ಅಂದ್ರೆ ಪಿಲ್ಲರ್‌ಗೂ ಡಿಪಿಗೂ ನಡುವಿನ ಕೇಬಲ್ಲಿಗೇ ಜೆಸಿಬಿ ಏಟು ಬಿದ್ದಿರಬೇಕು. ನಿಮ್ಮನೆಗೆ ಬರುವ ಲೈನ್‌ಮನ್ ಒಬ್ಬರಿಂದ ಇದು ಆಗೋ ಕೆಲಸ ಅಲ್ಲ, ಗುಂಡಿ ತೋಡಿ ಜಾಯಿಂಟ್ ಹಾಕುವ ತಂಡ ಬೇಕು. ಒಬ್ಬೊಬ್ಬರ ದೂರು ಬೇರೆಬೇರೆ ಹೋದಷ್ಟೂ ಅದು ಒಂಟಿ ಮನೆಯ ದೋಷದ ಹಾಗೆ ಕಾಣುತ್ತೆ, ಕ್ಲೋಸ್ ಆಗುತ್ತೆ.

ಇನ್ನೊಂದು ಅಳತೆ ತಗೊಳ್ಳಿ. ವೋಲ್ಟೇಜ್ ಸೊನ್ನೆ ಅಂತ ಖಾತ್ರಿ ಇದ್ದಾಗ ಮಾತ್ರ, ಏನೂ ಸೇರಿಸದೆ, ಮೀಟರನ್ನು ಓಮ್‌ಗೆ ಹಾಕಿ ಎರಡು ತಂತಿ ನಡುವೆ ನೋಡಿ. ಏನೂ ತೋರಿಸದಿದ್ದರೆ ತುಂಡು. ಕಡಿಮೆ ಓಮ್ ಬಂದರೆ ಶಾರ್ಟ್. 0.5 ಮಿ.ಮೀ. ತಾಮ್ರಕ್ಕೆ ಹೋಗಿ ಬರುವ ದಾರಿ ಸೇರಿ ಕಿಲೋಮೀಟರಿಗೆ ಸುಮಾರು 170 ಓಮ್. 40 ಓಮ್ ಬಂತು ಅನ್ನಿ, ಏಟು ಬಿದ್ದಿರೋದು ಹೆಚ್ಚುಕಮ್ಮಿ 240 ಮೀಟರ್ ದೂರದಲ್ಲಿ. ಅಷ್ಟು ದೂರದಲ್ಲಿ ಚರಂಡಿ ಅಗೆದ ಗುರುತು ಇದ್ದರೆ ಫೋಟೊ ತೆಗೆದಿಟ್ಟುಕೊಳ್ಳಿ. ನೀರು ನಿಂತಿದ್ದರೆ ಅಂಕಿ ಓಡಾಡುತ್ತೆ, ಆಗ ದೂರದ ಲೆಕ್ಕ ನಂಬಬೇಡಿ.

ಗುಬ್ಬಿಗೇಟ್

ದೂರಿನ ದಾರಿ ಹೇಳ್ತೀನಿ. ಎಲ್ಲರೂ ಎಡವೋದು ಒಂದೇ ಕಡೆ: ದೂರು ಸುಳ್ಳೇ ಕ್ಲೋಸ್ ಆದಾಗ ಹೊಸ ದೂರು ಬರೆಸಿ ಸುಮ್ಮನಾಗೋದು. ಹೊಸ ದೂರು ಅಂದ್ರೆ ದಾಖಲೆಯಲ್ಲಿ ದಿನದ ಎಣಿಕೆ ಮತ್ತೆ ಒಂದರಿಂದ ಶುರು. 19 ದಿನದ ದೋಷ ಆಗ ಎರಡು ಮೂರು ದಿನದ ಸಣ್ಣ ದೋಷಗಳಾಗಿ ಕಾಣುತ್ತೆ. ಹೊಸದು ಬರೆಸಲೇಬೇಕಾದರೆ ‘ಹಿಂದಿನ ಡಾಕೆಟ್ (ದೂರಿನ ನಂಬರು) ಇಂಥದ್ದು, ದುರಸ್ತಿ ಮಾಡದೆ ಮುಚ್ಚಲಾಗಿದೆ, ಇಂಥ ದಿನಾಂಕದಿಂದ ಲೈನ್ ಸತ್ತಿದೆ’ ಅಂತ ಅದರಲ್ಲೇ ಸೇರಿಸಿ.

ಬಾಡಿಗೆ ವಿಷಯ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2009ರಲ್ಲಿ ಗೊತ್ತುಮಾಡಿದ, 2024ರವರೆಗೆ ಜಾರಿಯಲ್ಲಿದ್ದ ಗುಣಮಟ್ಟದ ನಿಯಮದ ಪ್ರಕಾರ ದೋಷ 3 ದಿನ ಮೀರಿ 7 ದಿನದೊಳಗೆ ಸರಿಯಾದರೆ 7 ದಿನದ ಬಾಡಿಗೆ ಕಡಿತ, 7 ಮೀರಿ 15ರೊಳಗೆ ಆದರೆ 15 ದಿನದ್ದು, 15 ದಾಟಿದರೆ ಒಂದು ತಿಂಗಳದ್ದು ಇತ್ತು. ನಿಮ್ಮದು 15 ದಾಟಿದೆ, ಈಗಿನ ನಿಯಮದಲ್ಲಿ ಎಷ್ಟು ಬರುತ್ತೆ ಅಂತ ನೋಡಿ ಅಷ್ಟು ಬಾಡಿಗೆ ಕೇಳಿ. ತಾನಾಗೇ ಬಿಲ್ಲಿನಲ್ಲಿ ಇಳಿಯುತ್ತೆ ಅಂತ ಕಾಯಬೇಡಿ, ಬರವಣಿಗೆಯಲ್ಲಿ ಕೇಳಿ. ಸಿಟ್ಟಿಗೆ ಬಿಲ್ ಕಟ್ಟದೆ ಬಿಡೋದೂ ಬೇಡ. ಆಮೇಲೆ ‘ಬಾಕಿಗಾಗಿ ಕಡಿತ’ ಅಂತ ಬರೆದುಬಿಟ್ಟರೆ ನಿಮ್ಮ ಕೇಸೇ ಬಿದ್ದುಹೋಗುತ್ತೆ.

ಎರಡನೇ ಮೆಟ್ಟಿಲು ಮೇಲ್ಮನವಿ ಪ್ರಾಧಿಕಾರ. 2012ರ ದೂರು ಪರಿಹಾರ ನಿಯಮದಂತೆ ಪ್ರತಿ ಕಂಪನಿಯಲ್ಲೂ ಇರಲೇಬೇಕು. ವಿಳಾಸ ಕಂಪನಿಯ ವೆಬ್‌ಸೈಟಿನ ಗ್ರಾಹಕ ಸನ್ನದಿನಲ್ಲಿ ಇರುತ್ತೆ. ದೂರಿನ ಗಡುವು ಮುಗಿದ 30 ದಿನದೊಳಗೆ ಇಮೇಲ್ ಅಥವಾ ಅಂಚೆಯಲ್ಲಿ ಹಾಕಿ, ಶುಲ್ಕ ಇಲ್ಲ, 39 ದಿನದೊಳಗೆ ತೀರ್ಮಾನ ಆಗಬೇಕು. ಎಲ್ಲ ಡಾಕೆಟ್ ನಂಬರ್, ತಾರೀಖು, ಸುಳ್ಳು ಎಸ್ಸೆಮ್ಮೆಸ್‌ಗಳ ಸ್ಕ್ರೀನ್‌ಶಾಟ್, ಮೀಟರ್ ಅಳತೆ, ಪಕ್ಕದ ಮನೆಯವರ ನಂಬರು ಒಂದೇ ಪುಟದಲ್ಲಿ ಕೊಡಿ. ಮೂರೂ ಮನೆಯವರು ಸಹಿ ಹಾಕಿದರೆ ಇನ್ನೂ ಒಳ್ಳೇದು.

ಟ್ರಾಯ್‌ಗೇ ಬರೆದು ಕಾಯಬೇಡಿ, ಅದು ಒಬ್ಬೊಬ್ಬರ ದೂರು ವಿಚಾರಣೆ ಮಾಡಲ್ಲ. ಮೇಲ್ಮನವಿಗೂ ಉತ್ತರ ಬರದಿದ್ದರೆ ದೂರಸಂಪರ್ಕ ಇಲಾಖೆಯ ಕುಂದುಕೊರತೆ ವಿಭಾಗ, ಅಂದ್ರೆ ಪಿಜಿ ಪೋರ್ಟಲ್. ಕಂಪನಿ ಸರ್ಕಾರದ್ದಾದರೆ 10 ರೂಪಾಯಿಯ ಆರ್‌ಟಿಐ ಅರ್ಜಿಯಲ್ಲಿ ‘ಈ ಡಾಕೆಟ್ ಮುಚ್ಚಲು ಆಧಾರವಾದ ಪರೀಕ್ಷಾ ವರದಿಯ ಪ್ರತಿ ಕೊಡಿ’ ಅಂತ ಕೇಳಬಹುದು. ಲೈನ್ ಪರೀಕ್ಷಿಸದೆ ಮುಚ್ಚಿದ್ದರೆ ಕೊಡೋಕೆ ವರದಿಯೇ ಇರಲ್ಲ. ಖಾಸಗಿ ಕಂಪನಿಗೆ ಇದು ನಡೆಯಲ್ಲ.

ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗ. ಟೆಲಿಫೋನ್ ವಿಷಯ ಅಲ್ಲಿ ನಡೆಯಲ್ಲ ಅಂತ ಈಗಲೂ ಹೇಳೋರಿದ್ದಾರೆ. 2009ರ ಒಂದು ತೀರ್ಪಿನಿಂದ ಹಾಗಿತ್ತು, ನಿಜ. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಗ್ರಾಹಕರು ಅಲ್ಲಿಗೆ ಹೋಗಬಹುದು ಅಂತ ಸ್ಪಷ್ಟ ಮಾಡಿದೆ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ನಂದಿತಪ್ಪಲು

ಫೈಬರ್ ಬಗ್ಗೆ ಚಿಕ್ಕಬಳ್ಳಾಪುರದಿಂದ. ಮಾತು ಸ್ಪಷ್ಟ, ನೀರು ಹೋಗಿ ಕರಕರ ಅನ್ನೋ ಕಾಟ ಇಲ್ಲ. ಹಳೇ ನಂಬರೇ ಉಳಿಯುತ್ತಾ ಅಂತ ಅರ್ಜಿಗೆ ಮುಂಚೆ ಬರವಣಿಗೆಯಲ್ಲಿ ಕೇಳಿ. ಆದರೆ ವಯಸ್ಸಾದವರ ಮನೆಗೆ ಒಂದು ದೊಡ್ಡ ವ್ಯತ್ಯಾಸ ಇದೆ. ತಾಮ್ರದ ಫೋನಿಗೆ ಕರೆಂಟ್ ಎಕ್ಸ್‌ಚೇಂಜ್‌ನ ಬ್ಯಾಟರಿಯಿಂದ ಬರುತ್ತೆ, ಫೈಬರ್ ಫೋನಿಗೆ ನಿಮ್ಮ ಮನೆ ಪ್ಲಗ್ಗಿನಿಂದ. ಕರೆಂಟ್ ಹೋದರೆ ಫೋನೂ ಹೋಯ್ತು. ಆದ್ದರಿಂದ ರೌಟರ್‌ಗೆ ಹಾಕುವ ಸಣ್ಣ ಯುಪಿಎಸ್ ಜೊತೆಗೇ ತಗೊಳ್ಳಿ. ಬಹಳಷ್ಟು ಡಬ್ಬಗಳದ್ದು 12 ವೋಲ್ಟ್. ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಎರಡೂ ಓದಿ ಅದಕ್ಕೆ ಸರಿಯಾಗಿದ್ದನ್ನೇ ಕೊಳ್ಳಿ.

ಹಾಕಿಸುವ ದಿನವೇ ಬಂದವರ ಮೀಟರಿನಲ್ಲಿ ಬೆಳಕಿನ ಮಟ್ಟ ಎಷ್ಟು ಅಂತ ಕೇಳಿ ಬರೆದುಕೊಳ್ಳಿ. ಮೈನಸ್ 20 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ) ಸುತ್ತ ಇದ್ದರೆ ಆರಾಮ. ಮೈನಸ್ 27 ಅಂಚು, ಅಲ್ಲಿಗೆ ಬಂದರೆ ಮಳೆಗಾಲದಲ್ಲಿ ಕಡಿಯೋದು ಖಂಡಿತ. ಕನೆಕ್ಟರ್ ಒರೆಸಿ ಮತ್ತೆ ಅಳೆಯೋಕೆ ಹೇಳಿ. ಕೆಂಪು ಎಲ್‌ಒಎಸ್ ದೀಪ ಬಂದರೆ ಡಬ್ಬಕ್ಕೆ ಬೆಳಕು ಬರ್ತಿಲ್ಲ, ಬಹುಶಃ ತಂತಿ ಕಡಿದಿದೆ ಅಂತ, ಡಬ್ಬ ಆಫ್ ಆನ್ ಮಾಡಿ ಪ್ರಯೋಜನ ಇಲ್ಲ.

ತಾಮ್ರಜೋಡಿ

ತಾಮ್ರವನ್ನೇ ಜಾಯಿಂಟ್ ಹಾಕಿ ಕೊಟ್ಟರೆ, ಅವರು ಹೊರಡೋ ಮೊದಲು ಲ್ಯಾಂಡ್‌ಲೈನಿಂದ ನಿಮ್ಮ ಮೊಬೈಲಿಗೆ ಒಂದು ಕರೆ ಮಾಡಿ. ಪರದೆ ಮೇಲೆ ನಿಮ್ಮದೇ ನಂಬರು ಬರಬೇಕು. ಕತ್ತರಿಸಿದ ಕೇಬಲ್ ಜೋಡಿಸುವಾಗ ಜೋಡಿಗಳು ಅದಲುಬದಲಾಗಿ ಪಕ್ಕದ ಮನೆ ನಂಬರು ನಿಮಗೆ ಬಂದುಬಿಡುತ್ತೆ. ಡಯಲ್ ಟೋನ್ ಕೇಳಿದ ತಕ್ಷಣ ಸಹಿ ಹಾಕಿದರೆ ಇದು ಗೊತ್ತಾಗೋದು ಬಿಲ್ ಬಂದಾಗಲೇ. ಆಮೇಲೆ ಮೊಬೈಲಿಂದ ಲ್ಯಾಂಡ್‌ಲೈನಿಗೆ ಕರೆ ಮಾಡಿ ನಾಲ್ಕೈದು ರಿಂಗ್ ಪೂರ್ತಿ ಆಗೋದನ್ನೂ ನೋಡಿ.