ಕಾಸರಗೋಡಿನ ಕಡೆಗೆ ಹೊಸದಾಗಿ ಬಂದ ಕನ್ನಡ ಕ್ರೈಸ್ತ ಕುಟುಂಬಕ್ಕೆ ಯಾವ ಚರ್ಚು ಹೊಂದೀತು?

ಪ್ರಶ್ನೆ (ನೀರ್ಚಾಲಿನಿಂದ)

ಎಲ್ಲರಿಗೂ ನಮಸ್ಕಾರ. ಯಜಮಾನರಿಗೆ ಬದಿಯಡ್ಕಕ್ಕೆ ವರ್ಗವಾದ್ದರಿಂದ ಈ ಮಳೆಗಾಲದ ಆರಂಭದಲ್ಲಿ ನಾವು ಧಾರವಾಡದಿಂದ ಬಂದು ನೀರ್ಚಾಲಿನ ಹತ್ತಿರ ಬಾಡಿಗೆ ಮನೆ ಹಿಡಿದಿದ್ದೇವೆ. ನಾನು ಕಥೋಲಿಕ ಮನೆತನದವಳು. ಯಜಮಾನರೂ ಅತ್ತೆಯವರೂ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರಾಟೆಸ್ಟಂಟ್ ಸಭೆಯವರು, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಕಾಲದಿಂದ ಬಂದ ಕುಟುಂಬ. ಮಗಳಿಗೆ ಕಥೋಲಿಕ ಚರ್ಚಿನಲ್ಲಿ ಜ್ಞಾನಸ್ನಾನವಾಗಿದೆ, ಈಗ ಮೂರನೆಯ ತರಗತಿಯಲ್ಲಿದ್ದಾಳೆ. ಮುಂದಿನ ವರ್ಷ ಅವಳಿಗೆ ಪ್ರಥಮ ಪರಮಪ್ರಸಾದ (ಮೊದಲ ಕಮ್ಯುನಿಯನ್) ಕೊಡಿಸಬೇಕೆಂಬುದು ನಮ್ಮೆಲ್ಲರ ಆಸೆ.

ಇಲ್ಲಿ ಮನೆಯ ಸುತ್ತಮುತ್ತ ಕನ್ನಡಕ್ಕೆ ಏನೂ ಕೊರತೆಯಿಲ್ಲ. ಅಂಗಡಿ, ಶಾಲೆ, ನೆರೆಹೊರೆ ಎಲ್ಲವೂ ಕನ್ನಡದಲ್ಲೇ ನಡೆಯುತ್ತದೆ. ಆದರೆ ಭಾನುವಾರದ ಪೂಜೆ ಮಾತ್ರ ಒಂದು ಕಡೆ ಕೊಂಕಣಿಯಲ್ಲಿ, ಇನ್ನೊಂದು ಕಡೆ ಮಲಯಾಳದಲ್ಲಿ ನಡೆಯುತ್ತದೆ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಜನ ಗುಂಪುಗುಂಪಾಗಿ ನಿಂತು ಮಾತಾಡುವಾಗ ನಾವು ನಾಲ್ವರು ಮುಗುಳ್ನಕ್ಕು ಬಂದುಬಿಡುತ್ತೇವೆ. ಯಾರೂ ಕೆಟ್ಟದಾಗಿ ನಡೆದುಕೊಂಡಿಲ್ಲ, ಆದರೆ ಯಾರ ಪರಿಚಯವೂ ಆಗಿಲ್ಲ.

ತಿಳಿದವರಿಂದ ಮೂರು ವಿಷಯಗಳಲ್ಲಿ ಸಲಹೆ ಬೇಡುತ್ತೇನೆ. ಬಾಡಿಗೆ ಮನೆಯಲ್ಲಿರುವ, ಮೂರ್ನಾಲ್ಕು ವರ್ಷಗಳಲ್ಲಿ ಮತ್ತೆ ವರ್ಗವಾಗಬಹುದಾದ ನಮ್ಮಂಥವರನ್ನು ಇಲ್ಲಿನ ಧರ್ಮಕೇಂದ್ರ (ಪ್ಯಾರಿಷ್) ತನ್ನವರೆಂದು ಬರೆದುಕೊಳ್ಳುತ್ತದೆಯೇ? ಕನ್ನಡವೊಂದನ್ನೇ ಬಲ್ಲ ಅತ್ತೆಯವರಿಗೆ ಕನ್ನಡ ಆರಾಧನೆ ಎಲ್ಲಿ ಸಿಕ್ಕೀತು? ಮೂರನೆಯದನ್ನು ಅವರೇ ಕೇಳಲು ಹೇಳಿದ್ದಾರೆ: ಈ ಊರಿನಲ್ಲಿರುವಾಗಲೇ ತಮ್ಮ ಕಾಲ ಮುಗಿದರೆ ತಮ್ಮನ್ನು ಎಲ್ಲಿ ಮಣ್ಣು ಮಾಡುತ್ತೀರಿ ಎಂದು. ಎಪ್ಪತ್ತು ದಾಟಿದವರಿಗೆ ಇದು ಸಣ್ಣ ಪ್ರಶ್ನೆಯಲ್ಲ.

ಉತ್ತರ 1 (ಬೇಳದಿಂದ)

ಅಕ್ಕಾ, ನೀವಿರುವ ಜಾಗದಿಂದ ಬೇಳದ ಶೋಕಮಾತಾ ಇಗರ್ಜಿ (ಚರ್ಚು) ದೂರವೇನಿಲ್ಲ. 1890ರಲ್ಲಿ ಸ್ಥಾಪನೆಯಾದ ಈ ಇಗರ್ಜಿ ಕಾಸರಗೋಡು ಸೀಮೆಯ ಹಳೆಯ ಇಗರ್ಜಿಗಳಲ್ಲಿ ಒಂದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದರೂ ನಮ್ಮ ಕಡೆಯ ಲ್ಯಾಟಿನ್ ವಿಧಿಯ, ಅಂದರೆ ರೋಮಿನ ಪೂಜಾಕ್ರಮದ, ಇಗರ್ಜಿಗಳು ಮಂಗಳೂರು ಧರ್ಮಪ್ರಾಂತದಲ್ಲೇ ಉಳಿದವು. ಹಾಗಾಗಿ ಇಲ್ಲಿಗೆ ಬರುವ ಗುರುಗಳಲ್ಲಿ ಹೆಚ್ಚಿನವರು ಮಂಗಳೂರು ಕಡೆಯವರೇ. ಅವರಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಪಾಪನಿವೇದನೆಯನ್ನಾಗಲಿ ಮನೆಯ ಕಷ್ಟಸುಖವನ್ನಾಗಲಿ ನೀವು ಧಾರಾಳವಾಗಿ ಕನ್ನಡದಲ್ಲೇ ಹೇಳಿಕೊಳ್ಳಬಹುದು.

ನಿಮ್ಮ ಮೊದಲ ಪ್ರಶ್ನೆಗೆ ಧರ್ಮಸಭೆಯ ಕಾನೂನೇ ಉತ್ತರ ಕೊಡುತ್ತದೆ. ಕಥೋಲಿಕರಲ್ಲಿ ಧರ್ಮಕೇಂದ್ರವೆಂಬುದು ಸಾಮಾನ್ಯವಾಗಿ ಪ್ರದೇಶಕ್ಕೆ ಸೇರಿದ್ದು. ಒಂದು ಧರ್ಮಕೇಂದ್ರದ ವ್ಯಾಪ್ತಿಯಲ್ಲಿ ಮೂರು ತಿಂಗಳು ವಾಸವಾಗಿದ್ದರೆ, ಅಥವಾ ಕನಿಷ್ಠ ಮೂರು ತಿಂಗಳು ಇರುವ ಉದ್ದೇಶದಿಂದ ಬಂದಿದ್ದರೆ, ಅಲ್ಲಿನ ವಿಗಾರರೇ (ಧರ್ಮಕೇಂದ್ರದ ಮುಖ್ಯ ಗುರುಗಳೇ) ನಿಮ್ಮ ವಿಗಾರರು. ಐದು ವರ್ಷ ಪೂರೈಸಿದರೆ ಅದು ಪೂರ್ಣ ನಿವಾಸವೇ ಆಗುತ್ತದೆ. ಮನೆ ಸ್ವಂತದ್ದೋ ಬಾಡಿಗೆಯದೋ, ಮಾತೃಭಾಷೆ ಯಾವುದು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಆದ್ದರಿಂದ ನಿಮ್ಮನ್ನು ಸೇರಿಸಿಕೊಳ್ಳುತ್ತಾರೆಯೇ ಎಂದು ಹಿಂಜರಿಯಬೇಡಿ. ನೀವು ಆಗಲೇ ಇಲ್ಲಿಯವರು. ಧಾರವಾಡದ ವಿಗಾರರಿಂದ ಒಂದು ಪತ್ರ, ಮಗಳ ಜ್ಞಾನಸ್ನಾನದ ಪ್ರಮಾಣಪತ್ರ, ನಿಮ್ಮ ಮದುವೆಯ ದಾಖಲೆ ಇವಿಷ್ಟನ್ನು ಹಿಡಿದುಕೊಂಡು ವಾರದ ಮಧ್ಯೆ ಒಂದು ದಿನ ಹೋಗಿ. ಭಾನುವಾರ ಪೂಜೆಯ ನಂತರ ವಿಗಾರರ ಸುತ್ತ ಹತ್ತು ಜನ ಇರುತ್ತಾರೆ, ಸಮಾಧಾನದಿಂದ ಮಾತಾಡಲಾಗುವುದಿಲ್ಲ.

ಪರಿಚಯವಾಗಲಿಲ್ಲವೆಂದು ನೀವು ಬರೆದಿದ್ದನ್ನು ಓದಿ ಬೇಸರವಾಯಿತು. ಅದಕ್ಕೆ ಕಾರಣವನ್ನೂ ಹೇಳಬೇಕು. ನಮ್ಮಲ್ಲಿ ಒಡನಾಟ ಬೆಳೆಯುವುದು ಇಗರ್ಜಿಯ ಅಂಗಳದಲ್ಲಲ್ಲ, ವಾಡೊದಲ್ಲಿ. ಒಂದು ಧರ್ಮಕೇಂದ್ರವನ್ನು ಅಕ್ಕಪಕ್ಕದ ಮನೆಗಳ ವಾಡೊಗಳಾಗಿ ವಿಂಗಡಿಸಿರುತ್ತಾರೆ, ಪ್ರತಿ ವಾಡೊಗೂ ಒಬ್ಬ ಗುರ್ಕಾರ, ಅಂದರೆ ಮುಖಂಡ, ಇರುತ್ತಾನೆ. ವಾಡೊದ ಪ್ರಾರ್ಥನಾ ಕೂಟಗಳು ಸರದಿಯ ಮೇಲೆ ಮನೆಮನೆಗಳಲ್ಲಿ ನಡೆಯುತ್ತವೆ. ಕಾಯಿಲೆ ಬಿದ್ದವರ ಸುದ್ದಿ, ಮನೆಯಲ್ಲಿ ಮರಣವಾದಾಗ ರಾತ್ರಿ ಜೊತೆಗಿರುವ ಜನ, ಮಗುವಿನ ತರಗತಿಯ ವಿಚಾರ ಎಲ್ಲವೂ ಗುರ್ಕಾರನ ಮೂಲಕವೇ ಸಾಗುತ್ತದೆ. ವಿಗಾರರನ್ನು ಭೇಟಿಯಾದಾಗ ಮೊದಲು ಕೇಳಬೇಕಾದದ್ದು ನಿಮ್ಮ ವಾಡೊ ಯಾವುದು, ಗುರ್ಕಾರ ಯಾರು ಎಂಬುದನ್ನೇ.

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮರಿಯಮ್ಮನ ಜನ್ಮದಿನದ ಹಬ್ಬಕ್ಕೆ) ಮೊದಲೇ ಹೆಸರು ಬರೆಸಿಬಿಡಿ. ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ನೊವೆನಾ ಪ್ರಾರ್ಥನೆ ನಡೆಯುತ್ತದೆ. ಮಕ್ಕಳು ಮನೆಯ ಹಿತ್ತಿಲಲ್ಲಿ ಸಿಕ್ಕಿದ ದಾಸವಾಳ, ಗೋರಟೆ, ಸೇವಂತಿಗೆ ಏನಿದ್ದರೂ ತಟ್ಟೆಯಲ್ಲಿ ತಂದು, ಸಾಲಾಗಿ ಹೋಗಿ ಬಾಲ ಮರಿಯಮ್ಮನಿಗೆ ಎರಚುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಕುಟುಂಬಕ್ಕೆ ಇಷ್ಟೆಂದು ಹಂಚುತ್ತಾರೆ, ಮಕ್ಕಳ ಕೈಗೆ ಕಬ್ಬು ಕೊಡುತ್ತಾರೆ. ಮನೆಗೆ ತಂದ ತೆನೆಯ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಹಿರಿಯರು ಎಲ್ಲರಿಗೂ ಕೊಟ್ಟ ಮೇಲೆಯೇ ಊಟ. ಆ ದಿನ ಬಾಳೆಲೆಯ ಮೇಲೆ ಬರಿಯ ತರಕಾರಿಯ ಅಡುಗೆ. ತೆನೆ ಕುಟುಂಬದ ಲೆಕ್ಕದಲ್ಲಿ ಸಿಗುವುದರಿಂದ ಗುರ್ಕಾರನ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ ನಿಮ್ಮ ಪಾಲು ತೆಗೆದಿಟ್ಟಿರುತ್ತಾರೆ. ನಿಮ್ಮ ಮಗಳು ಹೂವಿನ ಸಾಲಿನಲ್ಲಿ ನಿಂತರೆ ನಿಮ್ಮ ಕುಟುಂಬದ ಪರಿಚಯವನ್ನು ಆ ಮಗುವೇ ಮಾಡಿಕೊಡುತ್ತದೆ.

ಭಾಷೆಯ ವಿಷಯದಲ್ಲಿ ಒಂದು ಮಾತು. ನಮ್ಮ ಕೊಂಕಣಿಯನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. ಹಾಡಿನ ಪುಸ್ತಕವೂ ಪ್ರಾರ್ಥನೆಯ ಪುಸ್ತಕವೂ ಅದೇ ಲಿಪಿಯಲ್ಲಿವೆ. ಪೂಜೆಯ ಕ್ರಮವಂತೂ ನೀವು ಧಾರವಾಡದಲ್ಲಿ ಕಂಡದ್ದೇ. ಪುಸ್ತಕ ಕೈಯಲ್ಲಿದ್ದರೆ ಮಗು ಬಹಳ ಬೇಗ ಹಾಡಲು ಕಲಿಯುತ್ತದೆ.

ಉತ್ತರ 2 (ಕಾಸರಗೋಡು ಜಿಲ್ಲೆಯ ಹೊಸದುರ್ಗದಿಂದ)

ಮೇಲಿನ ಹಿರಿಯರ ಮಾತನ್ನು ಗೌರವದಿಂದ ಒಪ್ಪುತ್ತಲೇ, ಭಾಷೆಯ ವಿಷಯವನ್ನು ಅಷ್ಟು ಹಗುರವಾಗಿ ದಾಟಬಾರದೆಂದು ಹೇಳಬಯಸುತ್ತೇನೆ. ನಾನು ಚಾಮರಾಜನಗರದ ಕಡೆಯವಳು, ನರ್ಸ್ ಕೆಲಸಕ್ಕೆಂದು ಇಲ್ಲಿಗೆ ಬಂದವಳು. ಹಾಡನ್ನು ಲಿಪಿ ನೋಡಿ ಹಾಡಬಹುದು. ಆದರೆ ಪ್ರಬೋಧನೆ ಅರ್ಥವಾಗದಿದ್ದರೆ ವಾರವಿಡೀ ಮನಸ್ಸು ಬರಿದಾಗಿಯೇ ಇರುತ್ತದೆ. ಮಗುವಿನ ಧರ್ಮೋಪದೇಶದ ತರಗತಿಯಲ್ಲಂತೂ ಅರ್ಥವೇ ಮುಖ್ಯ. ಪಾಪನಿವೇದನೆಗೂ ಪರಮಪ್ರಸಾದಕ್ಕೂ ಸಿದ್ಧವಾಗುವ ಮಗು ಗೊತ್ತಿಲ್ಲದ ಭಾಷೆಯಲ್ಲಿ ಉತ್ತರಗಳನ್ನು ಬಾಯಿಪಾಠ ಮಾಡಿದರೆ ಏನು ಬಂತು? ಆದ್ದರಿಂದ ವಿಗಾರರನ್ನು ಕಂಡಾಗ, ಮಗಳಿಗೆ ಕನ್ನಡದಲ್ಲಿ ಪಾಠ ಹೇಳುವವರು ಇದ್ದಾರೆಯೇ, ಇಲ್ಲದಿದ್ದರೆ ಕನ್ನಡ ಪಠ್ಯ ತರಿಸಿ ತಾಯಿಯಾದ ನಾನೇ ಮನೆಯಲ್ಲಿ ಕಲಿಸಿ ನಿಮ್ಮ ಮುಂದೆ ಪರೀಕ್ಷೆಗೆ ಕೂರಿಸಬಹುದೇ ಎಂದು ನೇರವಾಗಿ ಕೇಳಿ. ಕೇಳಿದರೆ ದಾರಿ ಸಿಗುತ್ತದೆ. ಕೇಳದೆ ಹಿಂದಿನ ಸಾಲಿನಲ್ಲಿ ಕೂತವರ ಕಷ್ಟ ಯಾರಿಗೂ ತಿಳಿಯುವುದಿಲ್ಲ.

ದಕ್ಷಿಣದ ನಮ್ಮ ಕಡೆ ಪರಿಸ್ಥಿತಿ ಬೇರೆ. ಇಲ್ಲಿ ಲ್ಯಾಟಿನ್ ವಿಧಿಯ ಪೂಜೆಯೂ ಮಲಯಾಳದಲ್ಲಿ, ಪೂರ್ವದ ಬೆಟ್ಟದ ಸೀಮೆಯಲ್ಲಿ ತಿರುವಾಂಕೂರಿನಿಂದ ಬಂದು ನೆಲೆಸಿದವರ ಸಿರೋ ಮಲಬಾರ್ (ಸಿರಿಯನ್ ಪೂಜಾಕ್ರಮದ ಕಥೋಲಿಕ) ಚರ್ಚುಗಳಲ್ಲೂ ಮಲಯಾಳವೇ. ಸಿರೋ ಮಲಬಾರ್ ಕುರ್ಬಾನದ ಕ್ರಮ ಬೇರೆ ಇದ್ದರೂ ಅದು ಕಥೋಲಿಕ ಪೂಜೆಯೇ. ಭಾನುವಾರದ ಕರ್ತವ್ಯ ಅಲ್ಲಿಯೂ ಪೂರ್ಣವಾಗಿ ನೆರವೇರುತ್ತದೆ, ಎಷ್ಟು ವರ್ಷ ಹೋದರೂ ನೀವು ಲ್ಯಾಟಿನ್ ವಿಧಿಯವರಾಗಿಯೇ ಉಳಿಯುತ್ತೀರಿ. ಬದಿಯಡ್ಕದಿಂದ ಈ ಕಡೆಗೆ ವರ್ಗವಾದರೆ ಇದು ನೆನಪಿರಲಿ.

ಇಲ್ಲಿ ನನ್ನ ಒಂಟಿತನ ಕಳೆದದ್ದು ಜಪಸರದಿಂದ (ರೋಸರಿ ಪ್ರಾರ್ಥನೆಯಿಂದ). ಆಸ್ಪತ್ರೆಯಲ್ಲಿ ಕೆಲಸ ಮಾಡುವ ಕೆಲವು ಕನ್ನಡದ ಹೆಣ್ಣುಮಕ್ಕಳು ಅಕ್ಟೋಬರ್ ತಿಂಗಳಲ್ಲಿ ಒಬ್ಬರ ಕೋಣೆಯಲ್ಲಿ ಸೇರಿ ಕನ್ನಡದಲ್ಲಿ ಜಪಸರ ಹೇಳಲು ಶುರುಮಾಡಿದೆವು. ವಿಷಯ ತಿಳಿದ ಗುರುಗಳು ಕ್ರಿಸ್ಮಸ್ ರಾತ್ರಿಯ ಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆಯ ಒಂದು ಬಿನ್ನಹವನ್ನು ಕನ್ನಡದಲ್ಲಿ ಓದಲು ನನಗೆ ಹೇಳಿದರು. ಇಡೀ ಸಭೆ ಮಲಯಾಳದಲ್ಲಿ ಉತ್ತರಿಸಿತು. ಅಂದಿನಿಂದ ಜನ ನನ್ನನ್ನು ನಿಲ್ಲಿಸಿ ಮಾತಾಡಿಸುತ್ತಾರೆ. ನಿಮ್ಮ ಅತ್ತೆಯವರಿಗೂ ಇಂಥ ಒಂದು ಜಾಗ ಮಾಡಿಕೊಡುವಂತೆ ಕೇಳುವುದರಲ್ಲಿ ಸಂಕೋಚ ಬೇಡ.

ಉತ್ತರ 3 (ಮಂಗಳೂರಿನಿಂದ)

ತಂಗಿ, ನಾನು ಸಿ.ಎಸ್.ಐ. ಸಭೆಯವನಾದ್ದರಿಂದ ನಿಮ್ಮ ಅತ್ತೆಯವರ ವಿಷಯವನ್ನಷ್ಟೇ ಬರೆಯುತ್ತೇನೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, ಇಲ್ಲಿಂದಲೇ ಧಾರವಾಡದ ಕಡೆಗೆ ಹೋದವರು. ಆ ಲೆಕ್ಕದಲ್ಲಿ ನಿಮ್ಮ ಅತ್ತೆಯವರು ನಮ್ಮ ಬಂಧುವೇ ಆಗಬೇಕು. ಧಾರವಾಡ ನಮ್ಮ ಕರ್ನಾಟಕ ಉತ್ತರ ಸಭಾಪ್ರಾಂತದ ಕೇಂದ್ರ, ಮಂಗಳೂರು ದಕ್ಷಿಣ ಸಭಾಪ್ರಾಂತದ ಕೇಂದ್ರ. ಬಲ್ಮಠದ ಶಾಂತಿ ಕೆಥೆಡ್ರಲ್‌ನಲ್ಲಿ ಕನ್ನಡ ಆರಾಧನೆ ಇದೆ. ಅವರು ಚಿಕ್ಕಂದಿನಿಂದ ಹಾಡಿದ ಕೀರ್ತನೆಗಳನ್ನೇ ಅಲ್ಲಿಯೂ ಕೇಳುತ್ತಾರೆ. ನೀರ್ಚಾಲಿನಿಂದ ಕುಂಬಳೆಗೆ ಬಂದು ಬಸ್ಸೋ ರೈಲೋ ಹಿಡಿಯಬೇಕು. ಹಿರಿಯರಿಗೆ ಪ್ರತಿ ವಾರ ಇದು ಆಗದ ಮಾತು. ತಿಂಗಳಿಗೊಮ್ಮೆ, ಕರ್ತನ ಭೋಜನವಿರುವ (ನಮ್ಮಲ್ಲಿ ಕಮ್ಯುನಿಯನ್‌ಗೆ ಹೇಳುವ ಹೆಸರು) ಭಾನುವಾರವನ್ನು ಮೊದಲೇ ವಿಚಾರಿಸಿಕೊಂಡು ಕರೆತನ್ನಿ. ಧಾರವಾಡದ ಸಭಾಪಾಲಕರಿಂದ ಸದಸ್ಯತ್ವದ ಪತ್ರ ತಂದರೆ, ಹತ್ತಿರದಲ್ಲಿರುವ ನಮ್ಮ ಸಭೆ ಯಾವುದೆಂದು ಇಲ್ಲಿನ ಸಭಾಪಾಲಕರೇ ತಿಳಿಸಿ, ಮನೆಗೆ ಬಂದು ಪ್ರಾರ್ಥಿಸುವ ಏರ್ಪಾಡನ್ನೂ ಮಾಡಿಯಾರು. ಹಾಸಿಗೆ ಹಿಡಿದವರಿಗೆ, ನಡೆಯಲಾಗದವರಿಗೆ ಮನೆಯಲ್ಲೇ ಕರ್ತನ ಭೋಜನ ಕೊಡುವ ರೂಢಿ ನಮ್ಮಲ್ಲಿದೆ.

ಉಳಿದ ಭಾನುವಾರಗಳಂದು ಅವರು ನಿಮ್ಮೊಂದಿಗೆ ಕಥೋಲಿಕ ಪೂಜೆಗೆ ಬರಲಿ. ಬರುವುದಕ್ಕೆ ಯಾವ ತಡೆಯೂ ಇಲ್ಲ. ಪರಮಪ್ರಸಾದವನ್ನು ಮಾತ್ರ ಅಲ್ಲಿ ಅವರು ಸ್ವೀಕರಿಸುವಂತಿಲ್ಲ, ನಮ್ಮಲ್ಲಿಯ ಭೋಜನವನ್ನು ನೀವು ಸ್ವೀಕರಿಸಲು ನಿಮ್ಮ ಸಭೆಯ ಕಾನೂನು ಒಪ್ಪುವುದಿಲ್ಲ. ಒಂದೇ ಮನೆಯವರು ಒಂದೇ ಮೇಜಿಗೆ ಬರಲಾಗದ ಈ ನೋವು ಎರಡೂ ಕಡೆಯ ಹಿರಿಯರಿಗೆ ಗೊತ್ತಿದೆ. ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯಕ್ಕಾಗಿ ಪ್ರಾರ್ಥಿಸುವ ವಾರವನ್ನು ಹಲವು ಸಭೆಗಳು ಆಚರಿಸುವುದು ಇದಕ್ಕಾಗಿಯೇ. ಮಗುವಿಗೆ ಇದನ್ನು ಮುಚ್ಚಿಡದೆ ಹೇಳಿ. ಅಜ್ಜಿ ಯಾಕೆ ಸಾಲಿನಲ್ಲಿ ಎದ್ದು ಬರಲಿಲ್ಲವೆಂದು ಅದು ಪ್ರಥಮ ಪರಮಪ್ರಸಾದದ ದಿನವೇ ಕೇಳುತ್ತದೆ.

ಮಣ್ಣಿನ ವಿಷಯ ಕೇಳಿದ್ದೀರಿ. ಸಿ.ಎಸ್.ಐ. ಸದಸ್ಯತ್ವ ಇಲ್ಲಿಗೆ ವರ್ಗವಾಗಿದ್ದರೆ ಸಭೆಯ ಸ್ಮಶಾನದಲ್ಲಿ ಜಾಗದ ವಿಚಾರವನ್ನು ಸಭಾಪಾಲಕರೇ ನೋಡಿಕೊಳ್ಳುತ್ತಾರೆ. ಆದರೆ ಅದನ್ನು ಆ ದಿನಕ್ಕೆ ಬಿಡಬೇಡಿ. ಅತ್ತೆಯವರನ್ನು ಕೂರಿಸಿಕೊಂಡು ಅವರ ಇಚ್ಛೆ ಧಾರವಾಡವೋ ಇಲ್ಲಿಯೋ ಎಂದು ಕೇಳಿ, ಸಭಾಪಾಲಕರ ಮುಂದೆ ಅವರ ಬಾಯಿಂದಲೇ ಹೇಳಿಸಿ. ನನ್ನ ತಾಯಿಯವರ ಇಚ್ಛೆಯನ್ನು ನಾವು ಹೀಗೆ ಮೊದಲೇ ಕೇಳಿ ಬರೆದಿಟ್ಟಿದ್ದೆವು. ಹೇಳಿದ ಮೇಲೆ ಅವರ ಮುಖದ ಮೇಲಿದ್ದ ನೆಮ್ಮದಿಯನ್ನು ನಾನು ಕಂಡಿದ್ದೇನೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ವಂದನೆಗಳು. ಅತ್ತೆಯವರಿಗೆ ಎಲ್ಲವನ್ನೂ ಓದಿ ಹೇಳಿದೆ. ಮಂಗಳೂರಿಗೆ ಹೋಗುವ ಭಾನುವಾರವನ್ನು ಈಗಲೇ ಗೊತ್ತುಮಾಡಬೇಕೆಂದು ಹಟ ಹಿಡಿದಿದ್ದಾರೆ. ಧಾರವಾಡದ ಇಬ್ಬರು ಗುರುಗಳಿಗೂ ಪತ್ರಕ್ಕಾಗಿ ಫೋನು ಮಾಡಿದ್ದೇವೆ. ಬುಧವಾರ ಸಂಜೆ ವಿಗಾರರನ್ನು ಕಾಣಲು ಹೋಗುವುದೆಂದು ಯಜಮಾನರು ಹೇಳಿದ್ದಾರೆ. ಒಂದೇ ಸಂದೇಹ ಉಳಿದಿದೆ: ಮೊಂತಿ ಹಬ್ಬದ ಹೂವಿನ ಸಾಲಿಗೆ ಮಗಳ ಹೆಸರನ್ನು ಬೇರೆಯಾಗಿ ಬರೆಸಬೇಕೇ?

ಉತ್ತರ 1ರವರಿಂದ

ಬೇಡ ಅಕ್ಕಾ. ನೊವೆನಾದ ಮೊದಲ ದಿನ ಪೂಜೆಗೆ ಸ್ವಲ್ಪ ಮುಂಚೆ ಹೂ ಹಿಡಿದು ಬಂದರೆ ಸಾಕು, ಧರ್ಮೋಪದೇಶದ ಶಿಕ್ಷಕಿಯರು ಮಕ್ಕಳನ್ನು ಸಾಲು ಮಾಡುತ್ತಾರೆ. ವಿಗಾರರು ಕುಟುಂಬದ ವಿವರ ಬರೆದುಕೊಳ್ಳುವಾಗ ಅತ್ತೆಯವರ ಹೆಸರನ್ನೂ ಸಿ.ಎಸ್.ಐ. ಎಂದು ನಮೂದಿಸಿ ಬರೆಸಿರಿ, ಬಿಟ್ಟುಬಿಡಬೇಡಿ. ಗುರ್ಕಾರ ಮನೆಗೆ ಬಂದಾಗ ಮನೆಯಲ್ಲಿ ಹಿರಿಯರು ಇದ್ದಾರೆಂಬುದು ಅವನಿಗೆ ಮೊದಲೇ ತಿಳಿದಿರಬೇಕು.