ಸಹಾಯ ಬೇಕು: ಡಿಸ್ಕ್ ಇಮೇಜ್ ಸರಿಯಾಗಿದೆ, ಆದರೂ ‘ಪರ್ಮಿಷನ್ ಡಿನೈಡ್’

ಕಾಸರಗೋಡಿನ ಬದಿಯಡ್ಕದಿಂದ ಬರೆಯುತ್ತಿದ್ದೇನೆ. ಇಲ್ಲಿನ ಗ್ರಂಥಾಲಯವೊಂದರ ಹಳೆಯ ಸ್ಮರಣ ಸಂಚಿಕೆಗಳು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿವೆ. ಪುಟವಿನ್ಯಾಸ ಕೆಡದೆ ಅವು ತೆರೆದುಕೊಳ್ಳುವುದು ವಿಂಡೋಸ್ ಎಕ್ಸ್‌ಪಿ ಇರುವ ಒಂದು ವರ್ಚುವಲ್ ಮೆಷಿನ್‌ನಲ್ಲಿ (ಕಂಪ್ಯೂಟರಿನೊಳಗೆ ತಂತ್ರಾಂಶವಾಗಿ ನಡೆಯುವ ಇನ್ನೊಂದು ಕಂಪ್ಯೂಟರ್) ಮಾತ್ರ. ಗಡಿನಾಡಿನ ಇಷ್ಟು ಬರಹ ಕೈತಪ್ಪಬಾರದು.

ನಮ್ಮದು ಉಬುಂಟು ಲಿನಕ್ಸ್; ವರ್ಚುವಲ್ ಮೆಷಿನ್ ನಡೆಸಲು ಕೆವಿಎಂ, ಅದನ್ನು ನಿರ್ವಹಿಸಲು ವರ್ಟ್-ಮ್ಯಾನೇಜರ್. ಮೆಷಿನ್‌ನ ಇಡೀ ಡಿಸ್ಕ್ ಒಂದೇ ಕಡತವಾಗಿರುವ ಕ್ಯೂಕೌ2 ಇಮೇಜ್ ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿದೆ. ಮೆಷಿನ್ ಆರಂಭಿಸಿದೊಡನೆ ‘ಕುಡ್ ನಾಟ್ ಓಪನ್’ ಎಂದು ಇಮೇಜ್‌ನ ಹೆಸರು, ಕೊನೆಗೆ ‘ಪರ್ಮಿಷನ್ ಡಿನೈಡ್’. ಕಡತಕ್ಕೆ ಎಲ್ಲರೂ ಓದಿ ಬರೆಯುವ ಅನುಮತಿ ಕೊಟ್ಟಾಗಿದೆ. ಇಮೇಜನ್ನು ಪರೀಕ್ಷಿಸುವ ಕೆಮು-ಇಮೇಜ್ ಚೆಕ್ ಆದೇಶ ಒಂದು ದೋಷವನ್ನೂ ತೋರಿಸುವುದಿಲ್ಲ. ಅದೇ ಇಮೇಜನ್ನು ಲಿಬ್‌ವರ್ಟ್‌ನ (ವರ್ಟ್-ಮ್ಯಾನೇಜರ್ ಹಿಂದೆ ಮೆಷಿನ್ ನಡೆಸುವ ಸೇವೆ) ಸ್ವಂತ ಇಮೇಜಸ್ ಫೋಲ್ಡರಿಗೆ ನಕಲು ಮಾಡಿದರೆ ಎಕ್ಸ್‌ಪಿ ಸಲೀಸಾಗಿ ಏಳುತ್ತದೆ. ಆದರೆ ಒಳಗಿನ ಡಿಸ್ಕ್‌ನಲ್ಲಿ ಅದನ್ನು ಇಟ್ಟುಕೊಳ್ಳುವಷ್ಟು ಜಾಗವಿಲ್ಲ.

ಇಮೇಜ್ ಹಾಳಾಗಿದೆ, ರಿಪೇರಿ ಮಾಡಿ ಎಂದು ಕೆಲವರು ಹೇಳಿದರು. ಸರಿಯಿರುವ ಇಮೇಜ್‌ಗೆ ರಿಪೇರಿ ಎಂದು ಕೈಹಾಕುವುದು ಅಪಾಯ, ನಾನು ಒಪ್ಪಲಿಲ್ಲ. ನನ್ನ ಅನುಮಾನ ಕಡತಕ್ಕೆ ಹೋಗುವ ಫೋಲ್ಡರುಗಳ ದಾರಿಯ ಮೇಲೆ. ಹೊರಗಿನ ಡಿಸ್ಕ್ ತಾನಾಗಿ ಮೌಂಟ್ ಆಗುವುದು (ಫೋಲ್ಡರಾಗಿ ಜೋಡಣೆಯಾಗುವುದು) ಮೀಡಿಯಾ ಫೋಲ್ಡರಿನೊಳಗೆ ನನ್ನ ಹೆಸರಿನ ಫೋಲ್ಡರಿನಲ್ಲಿ. ಅದರೊಳಗೆ ಕಾಲಿಡುವ ಅನುಮತಿ ಆ ಹೆಸರಿನ ಬಳಕೆದಾರನಿಗೆ ಮಾತ್ರ. ಮೆಷಿನ್ ನಡೆಯುವುದೋ ಲಿಬ್‌ವರ್ಟ್-ಕೆಮು ಎಂಬ ಬೇರೆ ಬಳಕೆದಾರನ ಹೆಸರಿನಲ್ಲಿ. ತಡೆ ಬಾಗಿಲಲ್ಲಿದ್ದರೂ ಸಂದೇಶ ಮಾತ್ರ ಕಡತವನ್ನೇ ದೂರುತ್ತಿದೆ.

ಲಿಬ್‌ವರ್ಟ್-ಕೆಮು ಬಳಕೆದಾರನಿಗೆ ಸೆಟ್‌ಎಫ್‌ಎಸಿಎಲ್ (ಒಬ್ಬೊಬ್ಬ ಬಳಕೆದಾರನಿಗೆ ಪ್ರತ್ಯೇಕ ಅನುಮತಿ ಕೊಡುವ ಆದೇಶ) ಮೂಲಕ ಫೋಲ್ಡರ್ ದಾಟುವ ಅನುಮತಿ ಕೊಟ್ಟರೆ ಮರುಬೂಟ್ ಆದ ಮೇಲೂ ಉಳಿಯುತ್ತದೆಯೇ? ಅಥವಾ ಎಫ್‌ಸ್ಟ್ಯಾಬ್‌ನಲ್ಲಿ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂಬ ಪಟ್ಟಿಯ ಕಡತ) ಬರೆದು ಡಿಸ್ಕನ್ನು ಬೇರೆಡೆ ಮೌಂಟ್ ಮಾಡುವುದೇ ಸರಿಯೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಲಾಗ್ ಬೇಕಿದ್ದರೆ ಹಾಕುತ್ತೇನೆ.